ನಡುದಾರಿಯ ಉದ್ಯೋಗವೂ ವೈದ್ಯಧರ್ಮವೂ

ಮನುಷ್ಯನು ಕೈಕೊಳ್ಳುವ ಉದ್ಯೋಗಗಳಲ್ಲಿ ಎರಡು ಬಗೆಗಳುಂಟು. ಕೆಲವನ್ನು ಆತನು ಮನೆಯಂತೆ ಕಟ್ಟಿಕೊಂಡು ಅಲ್ಲಿಯೇ ಬಾಳುತ್ತಾನೆ; ಮತ್ತೆ ಕೆಲವನ್ನು ಛತ್ರದಂತೆ ಬಳಸಿಕೊಂಡು ಬೆಳಗಾದ ಕೂಡಲೆ ಮುಂದಿನ ಊರಿಗೆ ಹೊರಡುತ್ತಾನೆ. ಛತ್ರದಲ್ಲಿ ಇಳಿದುಕೊಂಡವನನ್ನು ಯಾರೂ ತಪ್ಪಿತಸ್ಥನೆನ್ನುವುದಿಲ್ಲ. ಪ್ರಯಾಣಿಕರಿಗಾಗಿಯೇ ಅದನ್ನು ಕಟ್ಟಿರುವುದಷ್ಟೆ. ಆದರೆ ಆ ಛತ್ರದೊಳಗೆ ಬೇರೆ ಯಾರೋ ನೋವಿನಿಂದ ನರಳುತ್ತ ಮಲಗಿದ್ದು, ಅವರನ್ನು ನೋಡಿಕೊಳ್ಳುವ ಭಾರವು ಆ ರಾತ್ರಿಯ ಪ್ರಯಾಣಿಕನ ಮೇಲೆಯೇ ಬಿದ್ದಿದ್ದರೆ ಆಗ ಏನು ಹೇಳಬೇಕು? ವೈದ್ಯವಿದ್ಯೆಯ ಮೊದಲ ಮೆಟ್ಟಿಲನ್ನು ಹತ್ತಿ ಎರಡನೆಯದಕ್ಕಾಗಿ ಕಾದುನಿಂತಿರುವ ಸಾವಿರಾರು ಮಂದಿ ತರುಣತರುಣಿಯರ ಮುಂದೆ ಈಗ ಇರುವ ಪ್ರಶ್ನೆ ಇದೇ. ಪ್ರಶ್ನೆ ಅವರದಾದರೂ ಅದಕ್ಕೆ ಅವರು ಕೊಟ್ಟುಕೊಳ್ಳುವ ಉತ್ತರದ ಫಲವನ್ನು ಉಣ್ಣತಕ್ಕವರು ನಾವೆಲ್ಲರೂ ಆಗಿದ್ದೇವೆ. ಆದುದರಿಂದ ವೈದ್ಯನಲ್ಲದ ನಾನು ಇದನ್ನು ಕುರಿತು ನಾಲ್ಕು ಮಾತು ಬರೆಯುವುದು ಅನಧಿಕಾರಚೇಷ್ಟೆಯಾಗಲಾರದೆಂದು ನಂಬಿದ್ದೇನೆ.

ವಿಷಯವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ವ್ಯಾಸಂಗವು ನಾಲ್ಕೂವರೆ ವರ್ಷಗಳ ಪಾಠವೂ ಒಂದು ವರ್ಷದ ಕಡ್ಡಾಯ ಇಂಟರ್ನ್‌ಷಿಪ್ಪೂ ಸೇರಿ ಐದೂವರೆ ವರ್ಷಗಳದು. ಅದು ಮುಗಿದು ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿತವಾದ ಮೇಲೆ ರೋಗಿಯನ್ನು ಪರೀಕ್ಷಿಸಿ ಮದ್ದು ಬರೆಯುವ ಅಧಿಕಾರ ಬರುತ್ತದೆ. ಕಾಯಿದೆಯ ಕಣ್ಣಿಗೆ ಆತನು ಪೂರ್ಣವೈದ್ಯನು. ಲೋಕದ ಕಣ್ಣಿಗಾದರೋ ಹಾಗಲ್ಲ. ಎಂ.ಡಿ. ಎಂದೋ ಎಂ.ಎಸ್. ಎಂದೋ ಹೆಸರಿನ ಮುಂದೆ ಇನ್ನೆರಡು ಅಕ್ಷರಗಳು ಸೇರದಿದ್ದರೆ, ‘ಬರಿಯ ಎಂ.ಬಿ.ಬಿ.ಎಸ್.’ ಎಂದು ನೆಂಟರೂ ಹೇಳುತ್ತಾರೆ, ರೋಗಿಗಳೂ ಹೇಳುತ್ತಾರೆ. ಆ ಅಕ್ಷರಗಳಿಗೆ ಹೆಬ್ಬಾಗಿಲು ನೀಟ್ ಪಿಜಿ ಎಂಬ ಪರೀಕ್ಷೆ. ಮೂರೂವರೆ ಗಂಟೆಗಳಲ್ಲಿ 200 ಪ್ರಶ್ನೆಗಳು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಈಚಿನ ವರ್ಷಗಳಲ್ಲಿ ಒಂದೊಂದು ಸಲವೂ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಅದಕ್ಕೆ ಕುಳಿತುಕೊಳ್ಳುತ್ತಾರೆ. ಎಲ್ಲರೂ ಬಯಸುವ ವಿಭಾಗಗಳ ಸೀಟುಗಳು ಅದರ ಒಂದು ಸಣ್ಣ ಪಾಲು ಮಾತ್ರ. ಆದಕಾರಣ ಒಂದು ವರ್ಷ, ಎರಡು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಕಾಯುವುದು ಸಾಮಾನ್ಯವಾಗಿದೆ. ಈ ಕಾಯುವ ಕಾಲದಲ್ಲಿ ಏನು ಮಾಡತಕ್ಕದ್ದು, ಯಾವ ಕೆಲಸವನ್ನು ಆರಿಸಿಕೊಳ್ಳತಕ್ಕದ್ದು ಎಂಬುದೇ ಪ್ರಕೃತ ವಿಚಾರ.

ನನ್ನ ಸೋದರಳಿಯನೊಬ್ಬನು ಇಂಥವರಲ್ಲಿ ಒಬ್ಬನು. ಪದವಿ ಪಡೆದ ಮೇಲೆ ಜಿಲ್ಲಾ ಕೇಂದ್ರವೊಂದರ ನರ್ಸಿಂಗ್ ಹೋಮಿನಲ್ಲಿ ರಾತ್ರಿಯ ಡ್ಯೂಟಿ ಡಾಕ್ಟರಾಗಿ ಸೇರಿದನು. ರಾತ್ರಿ ಎಂಟಕ್ಕೆ ಹೋಗಿ ಬೆಳಗ್ಗೆ ಎಂಟಕ್ಕೆ ಬರುವುದು. ಆ ಕೆಲಸವನ್ನು ಆರಿಸಿಕೊಂಡುದಕ್ಕೆ ಆತನು ಹೇಳಿದ ಕಾರಣವು ಒಂದೇ: ಅಲ್ಲಿ ರಾತ್ರಿ ಹನ್ನೊಂದಾದ ಮೇಲೆ ಸದ್ದಿಲ್ಲ, ಮೇಜು ಇದೆ, ದೀಪ ಇದೆ, ಓದಬಹುದು. ಸಂಬಳದಿಂದ ಬಾಡಿಗೆಯೂ ಪುಸ್ತಕದ ಖರ್ಚೂ ನಡೆಯುತ್ತದೆ. ಆತನ ಸಹಪಾಠಿಗಳಲ್ಲಿ ಹಲವರು ಇದೇ ಲೆಕ್ಕವನ್ನು ಹಾಕಿ ಇಂಥವೇ ಕೆಲಸಗಳಿಗೆ ಸೇರಿದ್ದರು. ಕೆಲಸ ಕಡಿಮೆಯಿರುವ ಆಸ್ಪತ್ರೆ ಯಾವುದೆಂಬುದನ್ನು ಅವರು ಒಬ್ಬರನ್ನೊಬ್ಬರು ವಿಚಾರಿಸಿ ತಿಳಿದುಕೊಳ್ಳುತ್ತಿದ್ದರು. ಐದಾರು ತಿಂಗಳು ಕಳೆದ ಮೇಲೆ ಒಂದು ದಿನ ಆತನು ನಮ್ಮ ಮನೆಗೆ ಬಂದು, ಊಟಕ್ಕೆ ಕುಳಿತವನು ಅರ್ಧದಲ್ಲಿ ಕೈ ನಿಲ್ಲಿಸಿ, “ಮಾವ, ಈ ಕೆಲಸ ಬಿಟ್ಟುಬಿಡಬೇಕೆಂದಿದ್ದೇನೆ. ಎರಡನ್ನೂ ಹಿಡಿದುಕೊಂಡು ಎರಡನ್ನೂ ಕೆಡಿಸುತ್ತಿದ್ದೇನೆ” ಎಂದನು. ನಡೆದುದನ್ನು ಕೇಳಿದೆನು.

ಕಾಲಿನ ಹುಣ್ಣಿಗೆಂದು ಸೇರಿದ್ದ, ಸಕ್ಕರೆ ಕಾಯಿಲೆಯಿದ್ದ ಅರುವತ್ತು ದಾಟಿದ ರೈತನೊಬ್ಬನು ರಾತ್ರಿ ಎರಡು ಗಂಟೆಯ ಸುಮಾರಿಗೆ ಎದೆಗುಂಡಿಯಲ್ಲಿ ಉರಿಯೆಂದು ಹೇಳಿ ಒಮ್ಮೆ ವಾಂತಿ ಮಾಡಿಕೊಂಡನಂತೆ. ಸಿಸ್ಟರ್ ಬಂದು ತಿಳಿಸಿದಾಗ ನನ್ನ ಅಳಿಯನು ಮೊಬೈಲಿನ ಪ್ರಶ್ನಮಾಲೆಯಿಂದ ತಲೆಯೆತ್ತದೆ, ಆಮ್ಲವನ್ನು ತಗ್ಗಿಸುವ ಇಂಜೆಕ್ಷನ್ ಕೊಡುವಂತೆ ಹೇಳಿದನು. ಆಕೆ ಕೊಟ್ಟಳು. ಕಾಲು ಗಂಟೆಯ ಮೇಲೆ ಮತ್ತೆ ಬಂದು, “ಸಾರ್, ಅಜ್ಜ ಬಹಳ ಬೆವರುತ್ತಿದ್ದಾರೆ. ನನಗೆ ಯಾಕೋ ಸರಿ ಕಾಣಲಿಲ್ಲ, ಇ.ಸಿ.ಜಿ. ಯಂತ್ರ ಹಚ್ಚಿದ್ದೇನೆ. ನೀವೊಮ್ಮೆ ಬಂದು ನೋಡಿ” ಎಂದಳು. ನೋಡಿದರೆ ಹೃದಯದ ಕೆಳಗೋಡೆಗೆ ರಕ್ತವನ್ನೊಯ್ಯುವ ನಾಳವು ಕಟ್ಟಿಹೋಗಿತ್ತು. ಹಿರಿಯ ವೈದ್ಯರನ್ನು ಕರೆಸಿದರು, ಮದ್ದು ಕೊಟ್ಟರು, ದೊಡ್ಡ ಆಸ್ಪತ್ರೆಗೆ ಸಾಗಿಸಿದರು, ಅಜ್ಜನು ಬದುಕಿದನು. ಕೇಸ್ ಶೀಟಿನಲ್ಲಿ ಎಲ್ಲವೂ ಸಕಾಲದಲ್ಲಿ ನಡೆದಂತೆಯೇ ಬರೆದಿದೆ. ಯಾರೂ ಆತನನ್ನು ದೂರಲಿಲ್ಲ. ಆದರೆ ಬೆಳಗ್ಗೆ ನೋಡಿಕೊಂಡಾಗ, ಆ ರಾತ್ರಿ ಆತನು ಬಿಡಿಸಿದ್ದ ಪ್ರಶ್ನೆಗಳಲ್ಲೊಂದು ಇದೇ ಆಗಿತ್ತು: ಸಕ್ಕರೆ ಕಾಯಿಲೆಯ ವೃದ್ಧನು, ಹೊಟ್ಟೆಯ ಮೇಲ್ಭಾಗದ ಉರಿ, ವಾಂತಿ, ಮೊದಲು ಮಾಡತಕ್ಕ ಪರೀಕ್ಷೆ ಯಾವುದು? ಸರಿಯುತ್ತರಕ್ಕೇ ಗುರುತು ಹಾಕಿದ್ದನು. “ಮಾವ, ನನಗೆ ಉತ್ತರ ಗೊತ್ತಿತ್ತು. ಎದ್ದು ಹೋಗಲಿಲ್ಲ, ಅಷ್ಟೆ” ಎಂದನು.

ಈ ‘ಅಷ್ಟೆ’ ಎಂಬ ಮಾತಿನಲ್ಲಿ ಅಡಗಿರುವ ಧರ್ಮಸೂಕ್ಷ್ಮವನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಪಕ್ಷವು ಆತನೇ ಹೇಳಿದುದು: ಓದುವವನು ಕೆಲಸವನ್ನೇ ಮಾಡಬಾರದು, ಒಂದು ಕಾಲಕ್ಕೆ ಒಂದು ವ್ರತ ಸಾಕು. ಇದರಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ರೋಗಿಯನ್ನು ಕೈಕೊಳ್ಳದವನು ರೋಗಿಗೆ ದ್ರೋಹವನ್ನೂ ಮಾಡಲಾರನು. ತಂದೆತಾಯಿಗಳಿಗೆ ಶಕ್ತಿಯಿದ್ದು, ಅವರು ಸಂತೋಷದಿಂದ ಒಪ್ಪಿದರೆ, ಒಂದು ವರ್ಷ ಕೋಣೆಯ ಬಾಗಿಲು ಹಾಕಿಕೊಂಡು ಓದುವುದು ನಿರ್ದೋಷವಾದ ಮಾರ್ಗವೇ ಸರಿ. ಆದರೆ ಈ ಮಾರ್ಗಕ್ಕೆ ತಗಲುವ ವೆಚ್ಚವನ್ನು ಲೆಕ್ಕ ಹಾಕದೆ ಇದನ್ನು ಎಲ್ಲರಿಗೂ ವಿಧಿಸುವುದು ಸರಿಯಲ್ಲ. ವಿದ್ಯೆಗಾಗಿ ಸಾಲ ಮಾಡಿದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಇಪ್ಪತ್ನಾಲ್ಕು ವರ್ಷದ ಮಗನು ಇನ್ನೂ ಎರಡು ವರ್ಷ ಕೈಚಾಚಿಕೊಂಡಿರಲೆಂದು ಹೇಳುವುದು, ಹೊಲದ ಒಂದು ಭಾಗವನ್ನು ಆಗಲೇ ಮಾರಿದ ತಂದೆಗೆ ಹೇಳತಕ್ಕ ಮಾತಲ್ಲ. ಹೆಣ್ಣುಮಗಳಾದರೆ ಸಂಪಾದನೆಯಿಲ್ಲದೆ ಮನೆಯಲ್ಲಿ ಕುಳಿತ ದಿನದಿಂದಲೇ ಮದುವೆಯ ಮಾತು ಮೊದಲಾಗುತ್ತದೆ. ಎಷ್ಟೋ ಜನಕ್ಕೆ ಕೆಲಸವೊಂದೇ ತಮ್ಮ ಓದನ್ನು ಕಾಪಾಡುವ ಬೇಲಿಯಾಗಿದೆ. ಮೇಲಾಗಿ ಪರೀಕ್ಷೆಯ ದಿನವೂ ಅಭ್ಯರ್ಥಿಯ ಕೈಯಲ್ಲಿಲ್ಲ. 2024ರಲ್ಲಿ ಜೂನ್ 23ಕ್ಕೆ ಗೊತ್ತಾಗಿದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದಕ್ಕೆ ಹಾಕಿ ಆಗಸ್ಟ್ 11ರಂದು ನಡೆಸಿದರು. ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿ ಕುಳಿತವರು ಆ ಏಳು ವಾರಗಳನ್ನು ಯಾರ ಹಣದಿಂದ ಕಳೆಯಬೇಕಾಗಿತ್ತು?

ಇನ್ನೊಂದು ಮಾತೂ ಇದೆ. ವೈದ್ಯವಿದ್ಯೆಯು ಕೈಯ ವಿದ್ಯೆ. ಶಿಷ್ಯನು ಮನುಷ್ಯನ ಮೈಮೇಲೆ ಶಸ್ತ್ರವನ್ನಿಡುವುದಕ್ಕೆ ಮೊದಲು ಸೋರೆ, ಸೌತೆ ಮೊದಲಾದ ಕಾಯಿಗಳ ಮೇಲೆ ಕೊಯ್ಯುವುದನ್ನೂ, ನೀರು ತುಂಬಿದ ತೊಗಲ ಚೀಲಗಳ ಮೇಲೆ ಸೀಳುವುದನ್ನೂ ಅಭ್ಯಾಸ ಮಾಡತಕ್ಕದ್ದೆಂದು ಸುಶ್ರುತಸಂಹಿತೆಯು ವಿಧಿಸಿರುವುದು ವಿದ್ವಾಂಸರಿಗೆ ತಿಳಿದ ವಿಷಯ. ಶಾಸ್ತ್ರವನ್ನು ಎಷ್ಟು ಓದಿದರೂ ಕೈಯು ಕೆಲಸಕ್ಕೆ ಪಳಗದಿದ್ದರೆ ಪ್ರಯೋಜನವಿಲ್ಲವೆಂಬುದು ಆ ಪ್ರಕರಣದ ಅಭಿಪ್ರಾಯ. ಎರಡು ವರ್ಷ ರೋಗಿಯ ನಾಡಿಯನ್ನು ಮುಟ್ಟದವನ ಕೈಯಲ್ಲಿ ಏನು ಉಳಿದಿರುತ್ತದೆಂಬುದನ್ನು ಯೋಚಿಸಬೇಕು.

ಎರಡನೆಯ ಪಕ್ಷವು ಇದಕ್ಕಿಂತ ಕಠಿನವಾದುದು. ಹೇಗೂ ಬಿಟ್ಟುಹೋಗತಕ್ಕವನು ಕೆಲಸಕ್ಕೆ ಸೇರುವುದೇ ಒಂದು ವಂಚನೆ. ರೋಗಿಯನ್ನು ತನ್ನ ಏಳಿಗೆಗೆ ಮೆಟ್ಟಿಲಾಗಿ ಮಾಡಿಕೊಂಡವನು ಸೇವಕನೆನಿಸಲಾರನು ಎಂದು ಕೆಲವರು ಹೇಳುತ್ತಾರೆ. ಕೇಳುವುದಕ್ಕೆ ಈ ಮಾತು ಉದಾತ್ತವಾಗಿದೆ. ಆದರೆ ಆ ರಾತ್ರಿಯ ಕಥೆಯೇ ಇದಕ್ಕೆ ಉತ್ತರವನ್ನು ಕೊಡುತ್ತದೆ. ಎರಡನೆಯ ಸಲ ಬಂದು ಕರೆದ ಆ ಸಿಸ್ಟರ್ ಯಾರು? ಆಕೆಯೂ ದಾರಿಹೋಕಳೇ. ಜರ್ಮನಿಗೆ ಹೋಗಬೇಕೆಂದು ಆಕೆ ಆ ದೇಶದ ಭಾಷೆಯನ್ನು ಕಲಿಯುತ್ತಿದ್ದಳು. ಅದರ ಪುಸ್ತಕವು ಆಕೆಯ ಮೇಜಿನ ಮೇಲೂ ಇತ್ತು. ಇನ್ನಾರು ತಿಂಗಳಿಗೆ ಆಕೆಯೂ ಹೊರಡತಕ್ಕವಳೇ ಆಗಿದ್ದಳು. ಆತನ ಸಂಬಳಕ್ಕಿಂತ ಆಕೆಯ ಸಂಬಳವು ಕಡಿಮೆ, ಅಧಿಕಾರವು ಅದಕ್ಕಿಂತಲೂ ಕಡಿಮೆ. ಹಾಗಿದ್ದರೂ ಅಜ್ಜನ ಹಣೆಯ ಬೆವರು ಆಕೆಗೆ ಕಂಡಿತು. ಆದುದರಿಂದ ಮುಂದೆ ಹೋಗಬೇಕೆಂಬ ಬಯಕೆಯೇ ದೋಷವಲ್ಲವೆಂದು ಸಿದ್ಧವಾಯಿತು. ಇದ್ದೂ ಇಲ್ಲದಂತಿರುವುದು ದೋಷ. ಈ ಎರಡನ್ನೂ ಬೆರಸಿ ಮಾತನಾಡುವುದರಿಂದಲೇ ನಮ್ಮ ತರುಣರಿಗೆ ಅನ್ಯಾಯವಾಗುತ್ತಿದೆ. ತಮ್ಮ ಆಕಾಂಕ್ಷೆಗಾಗಿ ನಾಚುತ್ತಾರೆ, ತಮ್ಮ ಅಲಕ್ಷ್ಯಕ್ಕಾಗಿ ನಾಚುವುದನ್ನು ಮರೆಯುತ್ತಾರೆ.

ಚರಿತ್ರೆಯನ್ನು ನೋಡಿದರೂ ಈ ಮಾತೇ ನಿಲ್ಲುತ್ತದೆ. ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ದೇಶದಲ್ಲಿ ಪದವೀಧರರಲ್ಲದೆ ಲೈಸೆನ್ಷಿಯೇಟರೆಂಬ ವೈದ್ಯರಿದ್ದರು. ಕಡಿಮೆ ಕಾಲದ ಶಿಕ್ಷಣ ಪಡೆದ ಇವರೇ ಆಗಿನ ನೋಂದಾಯಿತ ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿದ್ದರು. ಅವರಲ್ಲಿ ಕೆಲವರು ವರ್ಷಗಟ್ಟಲೆ ದವಾಖಾನೆಗಳಲ್ಲಿ ದುಡಿದು ಅನಂತರ ಸಂಕ್ಷಿಪ್ತ ವ್ಯಾಸಂಗದಿಂದ ಪದವಿಯನ್ನು ಪಡೆದರು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಸಲ್ಲಿಸಿದ ಸರ್ ಜೋಸೆಫ್ ಭೋರ್ ಅವರ ಸಮಿತಿಯು ಈ ಎರಡು ತರಗತಿಗಳನ್ನು ತೆಗೆದು ಒಂದೇ ಬಗೆಯ ಮೂಲವೈದ್ಯನಿರಬೇಕೆಂದು ಸೂಚಿಸಿತು. ಆ ಸೂಚನೆಯಂತೆ ತರಗತಿಗಳೇನೋ ಒಂದಾದುವು. ಆದರೆ ಮೂಲವೈದ್ಯನಿಗೆ ಲೋಕವು ಕೊಡಬೇಕಾಗಿದ್ದ ಗೌರವವು ಬರಲಿಲ್ಲ. ಈಗ ಆತನನ್ನೇ ಮೊದಲನೆಯ ಮೆಟ್ಟಿಲೆಂದು ಎಣಿಸುತ್ತಿದ್ದೇವೆ.

ಇನ್ನು ದೊಡ್ಡ ಆಸ್ಪತ್ರೆಗಳನ್ನು ನೋಡಿರಿ. ಹಗಲು ಹೆಸರಾಂತ ವೈದ್ಯರಿರುತ್ತಾರೆ. ರಾತ್ರಿ ಮೂರು ಗಂಟೆಗೆ ವಾರ್ಡಿನಲ್ಲಿ ಎಚ್ಚರವಾಗಿರುವವರು ಕಲಿಯುತ್ತಿರುವವರೇ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿದ್ಯಾಲಯದಲ್ಲಿ 1890ರ ದಶಕದಲ್ಲಿ ವಿಲಿಯಂ ಆಸ್ಲರ್ ಎಂಬ ಮಹಾವೈದ್ಯನು ವಿದ್ಯಾರ್ಥಿಗಳನ್ನು ಉಪನ್ಯಾಸಮಂದಿರದಿಂದ ಎಬ್ಬಿಸಿ ರೋಗಿಯ ಹಾಸಿಗೆಯ ಬಳಿಗೆ ಕರೆದೊಯ್ದನು. ಅಂದಿನಿಂದ ಇಂದಿನವರೆಗೆ ವೈದ್ಯಶಿಕ್ಷಣದ ಅಡಿಗಲ್ಲು ಅದೇ ಆಗಿದೆ. ಕಲಿಯುವವನ ಕೈಗೆ ರೋಗಿಯನ್ನು ಒಪ್ಪಿಸದೆ ಹೊಸ ವೈದ್ಯನು ಹುಟ್ಟಲಾರನು. ಆದರೆ ಆ ಪದ್ಧತಿಯಲ್ಲಿ ಕಲಿಯುವವನ ಬೆನ್ನ ಹಿಂದೆ ಕಲಿತವನೊಬ್ಬನು ನಿಂತಿರುತ್ತಾನೆ. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ಮುಖ್ಯವಾಗುತ್ತದೆ.

ಮೂರನೆಯ ಪಕ್ಷವು ಬಾಯಿಬಿಟ್ಟು ಯಾರೂ ಹೇಳದಿದ್ದರೂ ಹಲವರ ಮನಸ್ಸಿನಲ್ಲಿರತಕ್ಕದ್ದು: ಕೊಡುವ ಸಂಬಳ ಕಡಿಮೆ, ಆದಕಾರಣ ಕೊಡುವ ಗಮನವೂ ಅಷ್ಟಕ್ಕೆ ತಕ್ಕಷ್ಟಿದ್ದರೆ ಸಾಕು. ಇದು ವ್ಯಾಪಾರದ ನ್ಯಾಯ. ಆದರೆ ವ್ಯಾಪಾರದ ನ್ಯಾಯದಿಂದಲೇ ನೋಡಿದರೂ ಈ ವಾದವು ನಿಲ್ಲದು. ಸಂಬಳದ ಒಪ್ಪಂದವು ಡಾಕ್ಟರಿಗೂ ಯಜಮಾನನಿಗೂ ನಡುವೆ ಆದುದು. ರೋಗಿಯು ಅದರಲ್ಲಿ ಕಕ್ಷಿಯಲ್ಲ. ಅರ್ಧ ಗಮನವುಳ್ಳ ಡಾಕ್ಟರು ನೋಡಿದರೆಂದು ಆ ಅಜ್ಜನ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಆಗುವ ಹಾಗಿದ್ದರೂ ಅದನ್ನು ಆತನು ಒಪ್ಪುತ್ತಿದ್ದನೇ ಎಂದು ಯಾರೂ ಕೇಳಲಿಲ್ಲ. ತನ್ನೆದುರಿಗಿರುವವನು ಇಲ್ಲಿಯವನೋ ದಾರಿಹೋಕನೋ ಎಂಬುದು ರೋಗಿಗೆ ತಿಳಿಯದು. ಬಿಳಿಯ ಕೋಟು ಕಂಡಿತು, ನಂಬಿದನು. ಕೊಳ್ಳುವವನಿಗೆ ಸರಕಿನ ಗುಣ ತಿಳಿಯಲಾರದ ಕಡೆ ಮಾರುವವನ ಮೇಲೆ ಹೊಣೆಯು ಇಮ್ಮಡಿಯಾಗುತ್ತದೆಂಬುದನ್ನು ಅಕ್ಕಸಾಲೆಯೂ ಬಲ್ಲನು.

ಆದರೂ ಈ ಹೊಣೆಯನ್ನೆಲ್ಲ ಇಪ್ಪತ್ತನಾಲ್ಕು ವರ್ಷದ ಹುಡುಗನೊಬ್ಬನ ಹೆಗಲ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಬಾಗಿಲಲ್ಲಿ ‘ದಿನದ 24 ಗಂಟೆಯೂ ವೈದ್ಯರು ಲಭ್ಯ’ವೆಂದು ಹಲಗೆ ತೂಗಿಸಿ, ಒಳಗೆ ನಿದ್ದೆಗೆಟ್ಟ ಒಬ್ಬ ಹೊಸಬನನ್ನು ಕೂರಿಸಿ, ಆತನು ಓದುವುದನ್ನು ಕಂಡೂ ಕಾಣದಂತಿರುವ ಯಜಮಾನನೂ ಇದರಲ್ಲಿ ಪಾಲುದಾರನು. ಓದಲು ಸಮಯ ಸಿಗುತ್ತದೆಂಬುದನ್ನೇ ಸಂಬಳದ ಒಂದು ಭಾಗವೆಂದು ಲೆಕ್ಕ ಹಾಕಿ, ಅಷ್ಟರಮಟ್ಟಿಗೆ ಹಣವನ್ನು ಕಡಿಮೆ ಕೊಡುವವರೂ ಉಂಟು. ಅಂಥಲ್ಲಿ ರೋಗಿಗೆ ಸಲ್ಲತಕ್ಕ ಗಮನವನ್ನು ಇಬ್ಬರೂ ಕೂಡಿ ಹಂಚಿಕೊಂಡಂತಾಯಿತು. ಐದೂವರೆ ವರ್ಷಗಳ ಶಿಕ್ಷಣದಲ್ಲಿ ಕೈಗೆ ಬಂದುದನ್ನು ಬದಿಗಿಟ್ಟು, ಮೂರೂವರೆ ಗಂಟೆಗಳ ಗುರುತುಹಾಕುವ ಚಾತುರ್ಯದಿಂದ ಒಬ್ಬನ ಮುಂದಿನ ಬಾಳನ್ನು ಗೊತ್ತುಮಾಡುವ ಪರೀಕ್ಷಾಪದ್ಧತಿಯೂ ಪಾಲುದಾರನೇ. ಹಾಸಿಗೆಯ ಬಳಿ ಕಳೆದ ರಾತ್ರಿಗೆ ಆ ಪರೀಕ್ಷೆಯಲ್ಲಿ ಒಂದು ಅಂಕವೂ ಇಲ್ಲ. ‘ಬರಿಯ ಎಂ.ಬಿ.ಬಿ.ಎಸ್.’ ಎಂದು ಮೂಗು ಮುರಿಯುವ ನಾವೂ ಪಾಲುದಾರರೇ. ನಮ್ಮ ರಾಜ್ಯವು ವೈದ್ಯಪದವೀಧರರು ಒಂದು ವರ್ಷ ಸರಕಾರದ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸತಕ್ಕದ್ದೆಂದು 2012ರಲ್ಲಿ ಶಾಸನ ಮಾಡಿತು. ಈಚಿನ ವರ್ಷಗಳಲ್ಲಿ ಅದನ್ನು ಸಡಿಲಿಸಿದೆ. ಶಾಸನವು ಡಾಕ್ಟರನ್ನು ಹಳ್ಳಿಯ ಕುರ್ಚಿಯವರೆಗೆ ಕರೆದುತರಬಲ್ಲದು. ಕುರ್ಚಿಯಿಂದ ಎದ್ದು ಹಾಸಿಗೆಯ ಬಳಿಗೆ ಹೋಗುವ ಹತ್ತು ಹೆಜ್ಜೆಗಳನ್ನು ಆತನೇ ಇಡಬೇಕು.

ಇಷ್ಟು ಹೇಳಿದ ಮೇಲೆ, ಇಂಥ ಕೆಲಸದಿಂದ ಬರತಕ್ಕ ಲಾಭವನ್ನೂ ಹೇಳಬೇಕು. ಅದಕ್ಕೆ ಒಂದು ನಿದರ್ಶನ ಸಾಕು. ಹಳ್ಳಿಯ ಆರೋಗ್ಯಕೇಂದ್ರಕ್ಕೆ ಹಾವು ಕಚ್ಚಿದವನೊಬ್ಬನನ್ನು ಹೊತ್ತುತರುತ್ತಾರೆ. ನಮ್ಮಲ್ಲಿ ಹೆಚ್ಚು ಸಾವನ್ನು ತರುವ ಹಾವುಗಳು ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮಂಡಲದ ವಿಷವು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುತ್ತದೆ. ಅದನ್ನು ತಿಳಿಯುವುದಕ್ಕೆ 2 ಮಿಲಿಲೀಟರ್ ರಕ್ತವನ್ನು ಶುಚಿಯಾದ, ಒಣಗಿದ ಗಾಜಿನ ನಳಿಗೆಯಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಅನಂತರ ಬಾಗಿಸಿ ನೋಡುತ್ತಾರೆ. ಇನ್ನೂ ನೀರಿನಂತೆ ಹರಿದರೆ ವಿಷವೇರಿದೆಯೆಂದು ಅರ್ಥ. ಕಟ್ಟುಹಾವಿನದು ಬೇರೆ ಬಗೆ. ನೆಲದ ಮೇಲೆ ಮಲಗಿದವನನ್ನು ರಾತ್ರಿ ಕಚ್ಚುತ್ತದೆ. ನೋವು ಇಲ್ಲವೆಂಬಷ್ಟು ಕಡಿಮೆ, ಗುರುತು ಕಾಣದು. ಹೊಟ್ಟೆನೋವೆಂದು ಬಂದ ಹುಡುಗನ ಕಣ್ಣಿನ ರೆಪ್ಪೆಗಳು ಜೋತುಬೀಳುತ್ತಿರುವುದನ್ನು ಕಂಡೇ ಊಹಿಸಬೇಕು. ಪ್ರಶ್ನಪತ್ರಿಕೆಯಲ್ಲಿ ಇವೆಲ್ಲ ಒಂದೊಂದು ಸಾಲಿನ ಪ್ರಶ್ನೆಗಳು. ಒಂದು ನಿಮಿಷದೊಳಗೆ ಉತ್ತರಿಸಬೇಕು. ಆರೋಗ್ಯಕೇಂದ್ರದಲ್ಲಾದರೋ ಆ 20 ನಿಮಿಷಗಳನ್ನು 20 ನಿಮಿಷಗಳಾಗಿಯೇ ಕಳೆಯಬೇಕು. ತಾಯಿಯು ಸೆರಗು ಹಿಡಿದು ಅಳುತ್ತಿರುತ್ತಾಳೆ. ಮಂತ್ರ ಹಾಕಿಸಲು ಕರೆದುಕೊಂಡು ಹೋಗುತ್ತೇವೆಂದು ಚಿಕ್ಕಪ್ಪನು ಜಗಳಕ್ಕೆ ನಿಲ್ಲುತ್ತಾನೆ. ವಿಷಹಾರಿ ಮದ್ದೇ ಮೈಗೆ ಒಗ್ಗದೆ ಹೋದರೆ ಕೊಡಬೇಕಾದ ಇಂಜೆಕ್ಷನನ್ನು ಮೊದಲೇ ಸಿದ್ಧಪಡಿಸಿಕೊಂಡು, ಮುಖದಲ್ಲಿ ಗಾಬರಿಯನ್ನು ತೋರಿಸದೆ ನಿಂತಿರಬೇಕು. ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಸರಕಾರಕ್ಕೆ ತಿಳಿಸಬೇಕೆಂದು ಕರ್ನಾಟಕವು 2024ರಲ್ಲಿ ಗೊತ್ತುಮಾಡಿತು. ಆ ಕಾಗದವನ್ನೂ ತುಂಬಬೇಕು. ಹೀಗೆ ನಿಂತವನು ಆ ಪಾಠವನ್ನು ಇನ್ನು ಮರೆಯಲಾರನು.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಕೆಲಸ ಮಾಡಿದವನಿಗೆ ಪರೀಕ್ಷೆಯಲ್ಲಿಯೂ ಹೆಚ್ಚು ಅಂಕ ಬರುವುದೆಂದು ಹೇಳಿ ತರುಣರನ್ನು ಹುರಿದುಂಬಿಸುವ ಉಪದೇಶಕರುಂಟು. ಅದು ನಿಜವಾದರೆ ಧರ್ಮಪ್ರಶ್ನೆಯೇ ಇರುವುದಿಲ್ಲ. ಲಾಭವೂ ಧರ್ಮವೂ ಒಂದೇ ದಾರಿಯಲ್ಲಿ ನಡೆದಂತಾಯಿತು. ನಾನು ಕಂಡಮಟ್ಟಿಗೆ ಅದು ಯಾವಾಗಲೂ ನಿಜವಲ್ಲ. ಮನಸ್ಸಿಟ್ಟು ಕೆಲಸ ಮಾಡುವವನ ಓದಿನ ಗಂಟೆಗಳು ಕಡಿಮೆಯಾಗುತ್ತವೆ. ಮನೆಯಲ್ಲಿ ಕುಳಿತು ಓದಿದವನು ಮುಂದೆ ಹೋಗಬಹುದು. ರೋಗಿಯ ಬಳಿಗೆ ಎದ್ದು ಹೋದ ಪ್ರತಿಯೊಂದು ಸಲವೂ ಒಂದೆರಡು ಪ್ರಶ್ನೆಗಳು ಕೈಬಿಟ್ಟುಹೋಗುತ್ತವೆ. ಈ ಬೆಲೆಯನ್ನು ಕೊಡುವುದಕ್ಕೆ ಸಿದ್ಧನಾಗಿದ್ದೇನೆಯೇ ಎಂದು ಮೊದಲೇ ಕೇಳಿಕೊಂಡು ಕೆಲಸಕ್ಕೆ ಸೇರುವುದು ಪ್ರಾಮಾಣಿಕತೆ. ಬೆಲೆಯಿಲ್ಲವೆಂದು ನಂಬಿ ಸೇರಿದವನು, ಬೆಲೆ ಕೇಳಿದ ಗಳಿಗೆಯಲ್ಲಿ ಅದನ್ನು ರೋಗಿಯ ತಲೆಗೆ ಕಟ್ಟುತ್ತಾನೆ. ನನ್ನ ಅಳಿಯನಿಗೆ ಆದುದು ಅದೇ.

ಹಾಗಾದರೆ ಯಾವ ಕೆಲಸವನ್ನು ಆರಿಸಿಕೊಳ್ಳಬೇಕು? ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಅಲ್ಲಿ ಓದಲು ಎಷ್ಟು ಹೊತ್ತು ಸಿಗುತ್ತದೆ ಎಂಬುದು. ಅದನ್ನು ಕೇಳಬಾರದೆಂದಲ್ಲ, ಕೊನೆಯಲ್ಲಿ ಕೇಳಬೇಕು. ಮೊದಲು ಕೇಳತಕ್ಕದ್ದು, ನನಗೆ ತಿಳಿಯದಾಗ ರಾತ್ರಿ ಎರಡು ಗಂಟೆಗೂ ಫೋನೆತ್ತುವ ಹಿರಿಯರೊಬ್ಬರು ಅಲ್ಲಿ ಇದ್ದಾರೆಯೇ ಎಂಬುದು. ಆಸ್ಲರನ ಶಿಷ್ಯನ ಬೆನ್ನ ಹಿಂದೆ ಗುರುವಿದ್ದನೆಂದು ಮೇಲೆ ಹೇಳಿದೆನಷ್ಟೆ. ಆ ಗುರುವಿಲ್ಲದ ಕಡೆ ಕಲಿಯುವವನನ್ನು ಒಂಟಿಯಾಗಿ ಕೂರಿಸುವುದು ರೋಗಿಯೊಡನೆಯೂ ಆತನೊಡನೆಯೂ ಜೂಜಾಡಿದಂತೆ. ಎರಡನೆಯದು, ನನಗೆ ಬಾರದ ಕೆಲಸವನ್ನು ಮಾಡೆಂದರೆ ಆಗದೆಂದು ಹೇಳುವುದಕ್ಕೆ ಅಲ್ಲಿ ಅವಕಾಶವಿದೆಯೇ? ಮೂರನೆಯದು, ಕೆಲಸದ ಹೊತ್ತಿಗೂ ಓದಿನ ಹೊತ್ತಿಗೂ ನಡುವೆ ಗೋಡೆಯಿದೆಯೇ? ಹನ್ನೆರಡು ಗಂಟೆ ಅರ್ಧಂಬರ್ಧ ಕೆಲಸ, ಅರ್ಧಂಬರ್ಧ ಓದು ಇರುವ ಸ್ಥಳಕ್ಕಿಂತ, ಎಂಟು ಗಂಟೆ ಬಿಡುವಿಲ್ಲದ ಕೆಲಸವಿದ್ದು ಅನಂತರ ಪೂರ್ತಿ ಬಿಡುವಿರುವ ಸ್ಥಳವು ಮೇಲು. ಅಲ್ಲಿ ಪುಸ್ತಕವೂ ರೋಗಿಯೂ ಒಂದೇ ಗಳಿಗೆಗಾಗಿ ಹೋರಾಡುವುದಿಲ್ಲ. ನಾಲ್ಕನೆಯದು, ಎಷ್ಟು ಕಾಲ ಇರುತ್ತೇನೆಂಬುದನ್ನು ಸೇರುವಾಗಲೇ ಬಾಯಿಬಿಟ್ಟು ಹೇಳಬಲ್ಲೆನೇ? ನಡುದಾರಿಯವನೆಂದು ಹೇಳಿಕೊಂಡು ಬಂದವನು ಯಾರಿಗೂ ವಂಚನೆ ಮಾಡಿದಂತಾಗದು. ಹೇಳದೆ ಬಂದು ಪರೀಕ್ಷೆಯ ಹಿಂದಿನ ವಾರ ಮಾಯವಾಗುವವನಿಂದ ಆ ವಾರ್ಡಿನಲ್ಲಿ ರಾತ್ರಿಗಳು ಬರಿದಾಗುತ್ತವೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಇಂಥ ಸ್ಥಳಗಳು ಎಲ್ಲಿವೆ? ಸಿಕ್ಕಿದ ಕೆಲಸಕ್ಕೆ ಸೇರಬೇಕಾದವನಿಗೆ ಆರಿಸುವ ಸ್ವಾತಂತ್ರ್ಯವೆಲ್ಲಿ? ಇದು ಸುಳ್ಳು ಆಕ್ಷೇಪವಲ್ಲ. ಸಾಲವಿದ್ದವನು ಸಿಕ್ಕಿದುದನ್ನು ಹಿಡಿಯುತ್ತಾನೆ. ಆದರೆ ಕೆಲಸವನ್ನು ಆರಿಸುವ ಸ್ವಾತಂತ್ರ್ಯವಿಲ್ಲದವನಿಗೂ ಒಂದು ಸಣ್ಣ ಸ್ವಾತಂತ್ರ್ಯ ಉಳಿದಿರುತ್ತದೆ: ಸಿಸ್ಟರ್ ಕರೆದಾಗ ಪುಸ್ತಕವನ್ನು ಮಡಿಚುವುದು. ಅದಕ್ಕೆ ಸೀಟೂ ಬೇಡ, ಶಿಫಾರಸೂ ಬೇಡ. ಕರೆದಾಗಲೆಲ್ಲ ಏಳುತ್ತೇನೆ, ನೋಡದೆ ಮದ್ದು ಹೇಳುವುದಿಲ್ಲ ಎಂಬ ಒಂದೇ ನಿಯಮವನ್ನು ಕಟ್ಟುನಿಟ್ಟಾಗಿ ಇಟ್ಟುಕೊಂಡವನು ಎಂಥ ಕೆಟ್ಟ ನರ್ಸಿಂಗ್ ಹೋಮಿನಲ್ಲಿದ್ದರೂ ಧರ್ಮಭ್ರಷ್ಟನಾಗಲಾರನು. ಹತ್ತರಲ್ಲಿ ಒಂಬತ್ತು ಸಲ ಅದು ಬರಿಯ ಆಮ್ಲದ ಉರಿಯೇ ಆಗಿರುತ್ತದೆ, ಎದ್ದುದು ವ್ಯರ್ಥವೆನಿಸುತ್ತದೆ. ಆ ಒಂಬತ್ತು ವ್ಯರ್ಥಗಳನ್ನು ಬೇಸರಪಡದೆ ಮಾಡುವುದರಲ್ಲಿಯೇ ಹತ್ತನೆಯವನ ಪ್ರಾಣವಿದೆ.

ಈ ಮಾತುಗಳನ್ನು ಅಂದು ಅಳಿಯನೊಡನೆ ಇಷ್ಟು ಕ್ರಮವಾಗಿ ಆಡಿದೆನೆಂದು ಹೇಳಲಾರೆ. ಊಟ ಮುಗಿಸಲು ಹೇಳಿದೆನು. ಆ ಸಿಸ್ಟರಿಗೆ ಏನಾದರೂ ಹೇಳಿದೆಯಾ ಎಂದು ಕೇಳಿದೆನು. ಇಲ್ಲವೆಂದನು. ಮರುದಿನ ಹೋಗಿ ಆಕೆಯೊಡನೆ, “ನೀವು ಎರಡನೆಯ ಸಲ ಬಾರದಿದ್ದರೆ ಅಜ್ಜ ಉಳಿಯುತ್ತಿರಲಿಲ್ಲ. ತಪ್ಪು ನನ್ನದು” ಎಂದು ಹೇಳಿ ಬಂದನೆಂದು ಆಮೇಲೆ ತಿಳಿಯಿತು. ತಿಂಗಳು ಕಳೆದ ಮೇಲೆ ಆ ಕೆಲಸವನ್ನು ಬಿಟ್ಟು ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಗುತ್ತಿಗೆಯ ಮೇಲೆ ಸೇರಿದನು. ಅಲ್ಲಿ ಕೆಲಸ ಹೆಚ್ಚು. ಹೊರರೋಗಿಗಳ ಸಾಲು ಮಧ್ಯಾಹ್ನ ದಾಟಿದರೂ ಕರಗದು. ಆದರೆ ಪಕ್ಕದ ಕೋಣೆಯಲ್ಲಿ ಇಪ್ಪತ್ತು ವರ್ಷ ಅನುಭವವುಳ್ಳ ಹಿರಿಯರೊಬ್ಬರಿದ್ದರು; ಮನೆಗೆ ಬಂದ ಮೇಲಿನ ಹೊತ್ತು ಓದಿಗೆ. ಪರೀಕ್ಷೆಗೆ ಎರಡು ತಿಂಗಳ ಮುಂಚೆ ಬಿಡುವೆನೆಂದು ಸೇರುವಾಗಲೇ ಹೇಳಿದ್ದನು; ಹಾಗೆಯೇ ಬಿಟ್ಟನು. ಹೊರಡುವ ಮುನ್ನ, ತಾನು ನೋಡುತ್ತಿದ್ದ ಹಳೆಯ ರೋಗಿಗಳಲ್ಲಿ ಯಾರಿಗೆ ಯಾವ ಮದ್ದು ಒಗ್ಗದು, ಯಾರು ಮಾತ್ರೆಯನ್ನು ನಡುವೆ ನಿಲ್ಲಿಸುತ್ತಾರೆ ಎಂಬುದನ್ನೆಲ್ಲ ಒಂದು ನೋಟು ಪುಸ್ತಕದಲ್ಲಿ ಬರೆದು ಮುಂದೆ ಬರುವವನಿಗಾಗಿ ಇಟ್ಟುಬಂದನು.

ಫಲವೇನಾಯಿತೆಂದು ವಾಚಕರು ಕೇಳುವುದು ಸಹಜ. ಮೊದಲನೆಯ ಸಲ ಆತನು ಬಯಸಿದ ಸೀಟು ದೊರೆಯಲಿಲ್ಲ. ಮನೆಯಲ್ಲಿಯೇ ಕುಳಿತು ಓದಿದ ಗೆಳೆಯನಿಗೆ ದೊರೆಯಿತು. ಇದರಿಂದ ಮನೆಯವರಲ್ಲಿ ಕೆಲವರು ನನ್ನ ಉಪದೇಶವನ್ನೇ ದೂರಿದರು. ಅವರನ್ನು ನಾನು ತಪ್ಪೆನ್ನುವುದಿಲ್ಲ. ಆತನು ಈಗ ಮತ್ತೆ ಓದುತ್ತಿದ್ದಾನೆ, ಮತ್ತೆ ಅದೇ ತಾಲ್ಲೂಕು ಆಸ್ಪತ್ರೆಯಲ್ಲಿದ್ದಾನೆ. ಹೋದ ತಿಂಗಳು ಅಲ್ಲಿಗೆ ಹೋಗಿದ್ದಾಗ ನೋಡಿದೆನು: ಮೇಜಿನ ಮೇಲೆ ಆ ಹಳೆಯ ನೋಟು ಪುಸ್ತಕವಿತ್ತು, ನಡುವೆ ಕೆಲವು ತಿಂಗಳು ಇದ್ದು ಹೋದ ಇನ್ನೊಬ್ಬ ಡಾಕ್ಟರ ಅಕ್ಷರದಲ್ಲಿ ಅದರಲ್ಲಿ ಮತ್ತಷ್ಟು ಪುಟಗಳು ತುಂಬಿದ್ದುವು.